ಸಾಸಿವೆ ಗಿಡದ ಗುಣಗಳೂ ಕಾಳಿನ ಹುಟ್ಟುವಳಿಯೂ: ಬಿತ್ತನೆಗೆ ಗಿಡಗಳನ್ನು ಆರಿಸುವ ಕ್ರಮ

೧. ವಿಷಯದ ಅಗತ್ಯ

ಸಾಸಿವೆಯ ಕಾಳು ಅತಿ ಸಣ್ಣದು. ಆದರೆ ಬಿತ್ತನೆಗಾಗಿ ಅದನ್ನು ಆರಿಸುವ ಕೆಲಸವು ಸಣ್ಣದಲ್ಲ. ಸಾಸಿವೆಯೊಂದನ್ನೇ ಸಾಲುಸಾಲಾಗಿ ಬಿತ್ತುವುದಾದರೆ ಎಕರೆಯೊಂದಕ್ಕೆ ಸುಮಾರು ೨ ಕಿಲೋಗ್ರಾಂ ಬೀಜ ಸಾಕಾಗುತ್ತದೆ. ಸಾವಿರ ಕಾಳಿಗೆ ೪ ಗ್ರಾಂ ತೂಗುವ ಬೀಜವಾದರೆ ಇಷ್ಟರಲ್ಲಿ ೫ ಲಕ್ಷ ಕಾಳುಗಳಿರುತ್ತವೆ. ಒಂದೊಂದು ಗಿಡದಿಂದ ೧೦ ಗ್ರಾಂ ಕಾಳು ದೊರೆಯುವುದೆಂದು ಇಟ್ಟುಕೊಂಡರೆ, ಈ ಬೀಜವನ್ನೆಲ್ಲಾ ಒದಗಿಸುವುದಕ್ಕೆ ೨೦೦ ಗಿಡಗಳು ಸಾಕು. ಎಂದರೆ, ಈ ವರ್ಷ ೨೦೦ ಗಿಡಗಳನ್ನು ಆರಿಸುವ ರೈತನು ಮುಂದಿನ ವರ್ಷದ ಒಂದು ಎಕರೆಯ ಫಸಲನ್ನೇ ನಿಶ್ಚಯಿಸಿದಂತಾಗುತ್ತದೆ. ಆಯ್ಕೆಯಲ್ಲಿ ತಪ್ಪಿದ್ದರೆ ಅದು ತಿಳಿದುಬರುವುದು ಒಂದು ವರ್ಷದ ಬೇಸಾಯ, ಗೊಬ್ಬರ, ಕೂಲಿಗಳೆಲ್ಲವೂ ವೆಚ್ಚವಾದ ಮೇಲೆಯೇ.

ಬೀಜವನ್ನು ತೆಗೆದಿಡುವುದರಲ್ಲಿ ಎರಡು ಬಗೆಯ ವಾಡಿಕೆಗಳುಂಟು. ಕೆಲವರು ಕಣದಲ್ಲಿ ರಾಶಿಯಾದ ಮೇಲೆ, ಮಾರಿ ಉಳಿದುದರಲ್ಲಿ ಒಂದಷ್ಟನ್ನು ಬಿತ್ತನೆಗೆ ಇಟ್ಟುಕೊಳ್ಳುತ್ತಾರೆ. ಇದರಲ್ಲಿ ಆಯ್ಕೆಯೆಂಬುದೇ ಇಲ್ಲ. ಒಳ್ಳೆಯ ಗಿಡದ ಕಾಳೂ ಕೆಟ್ಟ ಗಿಡದ ಕಾಳೂ ಒಂದೇ ರಾಶಿಯಲ್ಲಿ ಬೆರೆತುಹೋಗಿರುತ್ತವೆ. ಇನ್ನು ಕೆಲವರು ಹೊಲದಲ್ಲಿ ಎಲ್ಲಕ್ಕಿಂತಲೂ ದೊಡ್ಡದಾಗಿ ಕಾಣುವ ಗಿಡಗಳನ್ನು ಕಿತ್ತು ಸೂರಿನ ಕೆಳಗೆ ಕಟ್ಟಿಡುತ್ತಾರೆ. ಇವರು ಶ್ರದ್ಧಾವಂತರೇ ಸರಿ. ಆದರೂ ಇವರ ಶ್ರಮವು ಎಷ್ಟೋ ವೇಳೆ ಫಲಿಸುವುದಿಲ್ಲ. ದೊಡ್ಡ ಗಿಡದ ಬೀಜವನ್ನು ಬಿತ್ತಿದರೂ ಮುಂದಿನ ವರ್ಷ ಹೊಲವು ಹಿಂದಿನಂತೆಯೇ ಇರುತ್ತದೆ. ಇದಕ್ಕೆ ಕಾರಣವೇನು, ಯಾವ ಗುಣವನ್ನು ನೋಡಿ ಗಿಡವನ್ನು ಆರಿಸಬೇಕು, ಆ ಗುಣವನ್ನು ಎಷ್ಟರಮಟ್ಟಿಗೆ ನಂಬಬಹುದು, ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲಾಗಿದೆ.

೨. ಸಾಸಿವೆಯ ಜಾತಿ ಮತ್ತು ಸ್ವಭಾವ

ಸಾಸಿವೆಯನ್ನು ಹೆಚ್ಚಾಗಿ ಬೆಳೆಯುವುದು ಉತ್ತರ ಹಿಂದೂಸ್ಥಾನದಲ್ಲಿ. ರಾಜಸ್ಥಾನ, ಹರಿಯಾಣ, ಮಧ್ಯಪ್ರದೇಶ, ಉತ್ತರಪ್ರದೇಶ, ಬಂಗಾಳಗಳಲ್ಲಿ ಇದು ಚಳಿಗಾಲದ ಮುಖ್ಯವಾದ ಎಣ್ಣೆಬೀಜದ ಬೆಳೆ. ಕನ್ನಡನಾಡಿನ ರಾಗಿಯ ಸೀಮೆಯಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳೊಡನೆ ಇದನ್ನೂ ರಾಗಿಯ ಹೊಲದಲ್ಲಿ ಅಕ್ಕಡಿಯಾಗಿ ಬೆರೆಸುವುದು ಹಳೆಯ ವಾಡಿಕೆ. ಎರಡು ಕಡೆಯ ಬೇಸಾಯವೂ ಬೇರೆ ಬೇರೆಯಾದರೂ ಗಿಡದ ಸ್ವಭಾವವು ಒಂದೇ.

ಉತ್ತರದವರು ರಾಯಿ ಎನ್ನುವ ಸಾಸಿವೆಯು ಎರಡು ಬೇರೆ ಜಾತಿಗಳು ಕೂಡಿ ಆದುದು. ಅವುಗಳಲ್ಲಿ ಒಂದು ತೋರಿಯಾ ಮತ್ತು ಸರ್ಸೋಂ ಎಂಬ ಬೆಳೆಗಳು ಸೇರಿದ ಜಾತಿ. ಇನ್ನೊಂದು ಕರಿ ಸಾಸಿವೆ. ಜಪಾನಿನಲ್ಲಿ ಕೆಲಸಮಾಡಿದ ಯೂ ನಾಗಹರು ಎಂಬ ವಿದ್ವಾಂಸರು ೧೯೩೫ರಲ್ಲಿ ಇದನ್ನು ಸಿದ್ಧಪಡಿಸಿ ತೋರಿಸಿದರು. ಬಿತ್ತನೆಯ ಬೀಜವನ್ನು ಆರಿಸುವವರು ಇದರಿಂದ ತಿಳಿಯಬೇಕಾದುದು ಇಷ್ಟು: ತೋರಿಯಾ ಗಿಡವು ತನ್ನ ಹೂವಿನ ಪರಾಗದಿಂದ ತಾನೇ ಕಾಯಿ ಕಟ್ಟಲಾರದು, ಅದಕ್ಕೆ ಬೇರೆ ಗಿಡದ ಪರಾಗವೇ ಆಗಬೇಕು, ರಾಯಿ ಸಾಸಿವೆಯಾದರೋ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದುದರಿಂದ ರಾಯಿಯಲ್ಲಿ ಒಂದು ಗಿಡದಿಂದ ಆರಿಸಿದ ಬೀಜವು ತಾಯಿಯ ಗುಣವನ್ನು ಹೆಚ್ಚಾಗಿ ಉಳಿಸಿಕೊಳ್ಳುತ್ತದೆ. ಹೀಗಿದ್ದರೂ ಜೇನುಹುಳುಗಳು ನೆರೆಯ ಗಿಡಗಳ ಪರಾಗವನ್ನು ಸ್ವಲ್ಪಮಟ್ಟಿಗೆ ತಂದು ಬೆರೆಸುತ್ತವೆಂಬುದನ್ನು ಮರೆಯಕೂಡದು. ಈ ಲೇಖನದಲ್ಲಿ ಹೇಳಿರುವುದೆಲ್ಲವೂ ರಾಯಿ ಸಾಸಿವೆಗೆ ಸಂಬಂಧಪಟ್ಟುದು.

೩. ಹುಟ್ಟುವಳಿಯ ನಾಲ್ಕು ಅಂಗಗಳು

ಹೊಲದ ಹುಟ್ಟುವಳಿಯು ನಾಲ್ಕು ಅಂಗಗಳಿಂದ ಆಗುತ್ತದೆ. ಮೊದಲನೆಯದು ಹೊಲದಲ್ಲಿ ನಿಂತಿರುವ ಗಿಡಗಳ ಸಂಖ್ಯೆ; ಎರಡನೆಯದು ಒಂದೊಂದು ಗಿಡದಲ್ಲಿರುವ ಕಾಯಿಗಳ ಸಂಖ್ಯೆ; ಮೂರನೆಯದು ಒಂದೊಂದು ಕಾಯಿಯಲ್ಲಿರುವ ಕಾಳುಗಳ ಸಂಖ್ಯೆ; ನಾಲ್ಕನೆಯದು ಕಾಳಿನ ತೂಕ. ಈ ನಾಲ್ಕನ್ನೂ ಒಂದರಿಂದೊಂದು ಗುಣಿಸಿದರೆ ಫಸಲಿನ ಲೆಕ್ಕ ಬರುತ್ತದೆ. ಗಿಡವೊಂದರ ಲೆಕ್ಕಕ್ಕೆ ಕೊನೆಯ ಮೂರು ಸಾಕು.

ಉದಾಹರಣೆಗೆ ಮೂರು ಗಿಡಗಳನ್ನು ಕಲ್ಪಿಸಿಕೊಳ್ಳಬಹುದು.

ಮೊದಲನೆಯ ಗಿಡ: ಕಾಯಿ ೨೦೦, ಕಾಯಿಗೆ ಕಾಳು ೧೨, ಸಾವಿರ ಕಾಳಿನ ತೂಕ ೪ ಗ್ರಾಂ. ಒಟ್ಟು ಕಾಳು ೨,೪೦೦, ತೂಕ ೯.೬ ಗ್ರಾಂ.

ಎರಡನೆಯ ಗಿಡ: ಕಾಯಿ ೧೫೦, ಕಾಯಿಗೆ ಕಾಳು ೧೪, ಸಾವಿರ ಕಾಳಿನ ತೂಕ ೫ ಗ್ರಾಂ. ಒಟ್ಟು ಕಾಳು ೨,೧೦೦, ತೂಕ ೧೦.೫ ಗ್ರಾಂ.

ಮೂರನೆಯ ಗಿಡ: ಕಾಯಿ ೩೦೦, ಕಾಯಿಗೆ ಕಾಳು ೧೦, ಸಾವಿರ ಕಾಳಿನ ತೂಕ ೩ ಗ್ರಾಂ. ಒಟ್ಟು ಕಾಳು ೩,೦೦೦. ತೂಕ ೯ ಗ್ರಾಂ.

ನೋಡುವವರ ಕಣ್ಣಿಗೆ ಮೂರನೆಯ ಗಿಡವೇ ಮೇಲಾಗಿ ತೋರುವುದು. ಏಕೆಂದರೆ ಅದರಲ್ಲಿ ಎರಡನೆಯ ಗಿಡದ ಎರಡರಷ್ಟು ಕಾಯಿಗಳಿವೆ. ಆದರೆ ತಕ್ಕಡಿಯಲ್ಲಿ ಅದೇ ಎಲ್ಲಕ್ಕಿಂತ ಹಗುರವಾಗಿದೆ. ಒಂದು ಅಂಗದಲ್ಲಿ ಬಂದ ಲಾಭವನ್ನು ಉಳಿದ ಎರಡು ಅಂಗಗಳು ತಿಂದುಹಾಕಿವೆ. ಗಿಡಕ್ಕೆ ಬೇರಿನಿಂದಲೂ ಎಲೆಯಿಂದಲೂ ಒದಗುವ ಆಹಾರಕ್ಕೆ ಒಂದು ಮಿತಿಯುಂಟು. ಅದನ್ನು ಬಹಳ ಕಾಯಿಗಳಿಗೆ ಹಂಚಿದರೆ ಕಾಯಿಯೊಂದರ ಪಾಲು ಕಡಿಮೆಯಾಗುತ್ತದೆ. ಮನೆಯಲ್ಲಿರುವ ಹಿಟ್ಟು ಅಷ್ಟೇ ಆಗಿ ಊಟಕ್ಕೆ ಕೂರುವವರು ಹೆಚ್ಚಾದರೆ ಮುದ್ದೆಯ ಗಾತ್ರ ಕಿರಿದಾಗುವಂತೆಯೇ ಇದು.

೪. ಸಂಬಂಧವನ್ನು ಅಳೆಯುವ ಬಗೆ

ಹಾಗಾದರೆ ಯಾವ ಗುಣವು ಹುಟ್ಟುವಳಿಯೊಡನೆ ಹೆಚ್ಚಾಗಿ ಹೊಂದಿಕೊಂಡು ನಡೆಯುತ್ತದೆ? ಇದನ್ನು ಅಂದಾಜಿನಿಂದ ಹೇಳದೆ ಎಣಿಸಿ, ತೂಗಿ, ಲೆಕ್ಕಹಾಕಿ ಹೇಳುವ ಕ್ರಮವೊಂದುಂಟು. ಇದಕ್ಕೆ ಸಹಸಂಬಂಧದ ಲೆಕ್ಕವೆಂದು ಹೆಸರು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬವರು ೧೮೮೮ರಲ್ಲಿ ಇದನ್ನು ಸೂಚಿಸಿದರು. ಕಾರ್ಲ್ ಪಿಯರ್ಸನ್ ಎಂಬವರು ೧೮೯೬ರಲ್ಲಿ ಇದರ ಗಣಿತವನ್ನು ಬೆಳೆಸಿದರು. ಅನೇಕ ಗಿಡಗಳಲ್ಲಿ ಒಂದು ಗುಣವನ್ನೂ ಹುಟ್ಟುವಳಿಯನ್ನೂ ಅಳೆದು ಲೆಕ್ಕಹಾಕಿದರೆ ಒಂದು ಅಂಕಿ ದೊರೆಯುತ್ತದೆ. ಅದು ೧ ಆದರೆ ಎರಡೂ ಜೋಡೆತ್ತುಗಳಂತೆ ಸರಿಸಮನಾಗಿ ನಡೆಯುತ್ತವೆ. ಸೊನ್ನೆಯಾದರೆ ಒಂದಕ್ಕೂ ಇನ್ನೊಂದಕ್ಕೂ ಹೊಂದಿಕೆಯೇ ಕಾಣುವುದಿಲ್ಲ. ಅಂಕಿಯ ಹಿಂದೆ ಕಳೆಯುವ ಗುರುತು ಬಂದರೆ ಒಂದು ಹೆಚ್ಚಿದಂತೆ ಇನ್ನೊಂದು ತಗ್ಗುತ್ತದೆಂದು ಅರ್ಥ.

ಹಿಂದೂಸ್ಥಾನದ ನಾನಾ ಸಂಶೋಧನ ಕ್ಷೇತ್ರಗಳಲ್ಲಿ ಸಾಸಿವೆಯ ಮೇಲೆ ನಡೆದ ಇಂತಹ ಪರೀಕ್ಷೆಗಳಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ಉತ್ತರ ಬಂದಿದೆ. ಗಿಡವೊಂದರ ಹುಟ್ಟುವಳಿಯೊಡನೆ ಅತ್ಯಂತ ಬಲವಾದ ಸಂಬಂಧವಿರುವುದು ಕಾಯಿಗಳ ಸಂಖ್ಯೆಗೆ. ಅದರ ತರುವಾಯ ಕವಲುಗಳ ಸಂಖ್ಯೆಗೆ. ಕಾಯಿಯೊಂದರಲ್ಲಿರುವ ಕಾಳುಗಳಿಗೂ ಕಾಳಿನ ತೂಕಕ್ಕೂ ಸಂಬಂಧವಿದ್ದರೂ ಅದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯಾದುದು.

ಹಿಂದೆ ಹೇಳಿದ ಮೂರು ಗಿಡಗಳ ಉದಾಹರಣೆಗೂ ಈ ಮಾತಿಗೂ ವಿರೋಧವಿಲ್ಲ. ಒಂದೇ ಹೊಲದಲ್ಲಿ ಒಂದು ಗಿಡಕ್ಕೂ ಇನ್ನೊಂದಕ್ಕೂ ಕಾಯಿಗಳ ಸಂಖ್ಯೆಯಲ್ಲಿ ಎರಡು ಮೂರು ಪಾಲು ವ್ಯತ್ಯಾಸವಿರುವುದುಂಟು. ಕಾಯಿಯೊಳಗಿನ ಕಾಳುಗಳ ಸಂಖ್ಯೆಯಾಗಲಿ ಕಾಳಿನ ತೂಕವಾಗಲಿ ಅಷ್ಟು ಏರುಪೇರಾಗುವುದಿಲ್ಲ. ಯಾವ ಅಂಗವು ಹೆಚ್ಚಾಗಿ ಏರಿಳಿಯುವುದೋ ಅದರ ಹಿಂದೆಯೇ ಹುಟ್ಟುವಳಿಯೂ ಏರಿಳಿಯುತ್ತದೆ. ಆದರೂ ಸಂಬಂಧದ ಅಂಕಿಯು ೧ ಆಗದೆ ಇರುವುದರಿಂದ, ಕಾಯಿಗಳನ್ನು ಮಾತ್ರ ನೋಡಿ ಆರಿಸಿದವನು ಆಗಾಗ ಮೋಸಹೋಗುವುದೂ ಖಂಡಿತ.

೫. ನೇರವಾದ ಸಂಬಂಧ, ಬಳಸುದಾರಿಯ ಸಂಬಂಧ

ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಯಿತೆಂದು ಹೇಳಲಾಗದು. ಕೆರೆಯ ಕೆಳಗಿನ ಗದ್ದೆಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಗದ್ದೆಗೆ ತೂಬಿನ ಕಾಲುವೆಯಿಂದ ನೀರು ನೇರವಾಗಿ ಬರುತ್ತದೆ. ಇನ್ನೊಂದಕ್ಕೆ ಮೇಲಿನ ಗದ್ದೆ ತುಂಬಿ, ಅಲ್ಲಿಂದ ಹರಿದು ಬರುತ್ತದೆ. ಮೂರನೆಯ ಗದ್ದೆಯು ಬೇರೊಂದು ಕಾಲುವೆಯದು. ಮಳೆ ಚೆನ್ನಾದ ವರ್ಷ ಅದೂ ತುಂಬಿರುತ್ತದೆ, ಇವೂ ತುಂಬಿರುತ್ತವೆ. ಮೂರೂ ಒಟ್ಟಿಗೆ ತುಂಬಿದುವೆಂದು ಮೂರನೆಯ ಗದ್ದೆಯಿಂದ ಮೊದಲನೆಯದಕ್ಕೆ ನೀರು ಬಂತೆಂದು ಯಾರೂ ಹೇಳುವುದಿಲ್ಲ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವ್ಯವಸಾಯದ ಇಲಾಖೆಯಲ್ಲಿದ್ದ ಸ್ಯೂಯಲ್ ರೈಟ್ ಎಂಬ ವಿಜ್ಞಾನಿಯು ೧೯೨೧ರಲ್ಲಿ ಇಂತಹ ದಾರಿಗಳನ್ನು ಬೇರೆಬೇರೆಯಾಗಿ ಅಳೆಯುವ ಲೆಕ್ಕವೊಂದನ್ನು ವಿವರಿಸಿದನು. ೧೯೫೯ರಲ್ಲಿ ಡ್ಯೂಯಿ ಮತ್ತು ಲೂ ಎಂಬಿಬ್ಬರು ಹುಲ್ಲಿನ ಜಾತಿಯೊಂದರ ಬೀಜದ ಹುಟ್ಟುವಳಿಗೆ ಅದನ್ನು ಅನ್ವಯಿಸಿದರು. ಅಲ್ಲಿಂದ ಮುಂದೆ ಪೈರುಗಳ ತಳಿಸುಧಾರಣೆಯಲ್ಲಿ ಈ ಲೆಕ್ಕವು ಬಳಕೆಗೆ ಬಂತು. ಸಾಸಿವೆಯಲ್ಲಿಯೂ ಇದನ್ನು ಅನೇಕ ಸಾರಿ ಮಾಡಿ ನೋಡಿದ್ದಾರೆ.

ಇದರಿಂದ ತಿಳಿದುಬರುವುದೇನೆಂದರೆ, ಕವಲು ಹೆಚ್ಚಾದ ಗಿಡದಲ್ಲಿ ಹುಟ್ಟುವಳಿ ಹೆಚ್ಚುವುದು ಬಹುಮಟ್ಟಿಗೆ ಕಾಯಿಗಳ ಮೂಲಕ. ಕವಲು ಒಡೆದು ಅದರಲ್ಲಿ ಕಾಯಿ ಕಟ್ಟದೆ ಹೋದರೆ ಆ ಕವಲಿನಿಂದ ಪ್ರಯೋಜನವಿಲ್ಲ. ಅದು ಕಡ್ಡಿಯ ಭಾರ ಮಾತ್ರ. ಎತ್ತರವಾದರೋ ಅನೇಕ ವೇಳೆ ಮೂರನೆಯ ಗದ್ದೆಯಂತೆ. ಗೊಬ್ಬರವೂ ತೇವವೂ ಹೆಚ್ಚಾಗಿ ದೊರೆತ ಗಿಡವು ಎತ್ತರವಾಗಿಯೂ ಬೆಳೆಯುತ್ತದೆ, ಕಾಯಿಯನ್ನೂ ಹೆಚ್ಚಾಗಿ ಬಿಡುತ್ತದೆ. ಎರಡಕ್ಕೂ ಕಾರಣ ನೆಲದ ಸಾರ. ಎತ್ತರವನ್ನೇ ಗುರಿಯಾಗಿಟ್ಟುಕೊಂಡು ಆರಿಸುತ್ತಾ ಹೋದರೆ ಗಾಳಿಗೆ ಒರಗುವ, ಕಡ್ಡಿ ಹೆಚ್ಚಿ ಕಾಳು ಕಡಿಮೆಯಾದ ಪೈರು ದೊರೆತೀತು.

೬. ಒಂದೊಂದು ಗುಣದ ವಿವರ

(ಅ) ಕವಲುಗಳು: ನಡುಕಾಂಡದಿಂದ ಹೊರಡುವುವು ಮೊದಲ ಕವಲುಗಳು, ಅವುಗಳಿಂದ ಹೊರಡುವುವು ಮರಿಗವಲುಗಳು. ಮೊದಲ ಕವಲುಗಳ ಹೂಗಳು ಬೇಗ ಅರಳಿ, ಕಾಯಿ ತುಂಬುವುದಕ್ಕೆ ಸಾಕಷ್ಟು ಕಾಲವನ್ನು ಪಡೆಯುತ್ತವೆ. ಮರಿಗವಲುಗಳ ತುದಿಯ ಹೂಗಳು ಕೊನೆಯಲ್ಲಿ ಅರಳುತ್ತವೆ. ನೆಲದಲ್ಲಿ ತೇವವಿದ್ದರೆ ಅವೂ ತುಂಬುತ್ತವೆ. ತೇವ ಆರಿದರೆ ಜೊಳ್ಳಾಗುತ್ತವೆ. ಆದುದರಿಂದ ಮಳೆಯನ್ನೇ ನಂಬಿದ ಹೊಲದಲ್ಲಿ ಮರಿಗವಲುಗಳನ್ನು ಎಣಿಸುವಾಗ ಅವುಗಳ ಕಾಯಿಗಳನ್ನು ಒಡೆದು ನೋಡತಕ್ಕದ್ದು.

(ಆ) ಕಾಯಿಗಳ ಸಂಖ್ಯೆ: ತುಂಬಿದ ಕಾಯಿಗಳನ್ನು ಮಾತ್ರ ಎಣಿಸಬೇಕು. ಸಾಸಿವೆಯ ಎಲೆಗಳು ಕಾಯಿ ಬಲಿಯುವ ವೇಳೆಗೆ ಒಣಗಿ ಉದುರುತ್ತಾ ಬರುತ್ತವೆ. ಆಗ ಕಾಳಿಗೆ ಬೇಕಾದ ಆಹಾರದಲ್ಲಿ ಬಹುಭಾಗವನ್ನು ಸಿದ್ಧಪಡಿಸುವುದು ಹಸಿರಾಗಿರುವ ಕಾಯಿಯ ಸಿಪ್ಪೆಯೇ. ಎಂದರೆ ಕಾಯಿಯು ಕಾಳನ್ನು ಇಡುವ ಗುಡಾಣ ಮಾತ್ರವಲ್ಲ, ಅದನ್ನು ಪೋಷಿಸುವ ಅಂಗವೂ ಹೌದು. ಕಾಯಿಗಳ ಸಂಖ್ಯೆಗೂ ಹುಟ್ಟುವಳಿಗೂ ಇರುವ ನಂಟಿಗೆ ಇದೂ ಒಂದು ಕಾರಣ. ಬಿಸಿಲು ಬೀಳದಂತೆ ಕಿಕ್ಕಿರಿದ ಕಾಯಿಗಳಿಗಿಂತ ಬಿಡಿಬಿಡಿಯಾಗಿ ಬೆಳಕಿಗೆ ತೆರೆದಿರುವ ಕಾಯಿಗಳು ಮೇಲು.

(ಇ) ಕಾಯಿಯೊಂದರ ಕಾಳುಗಳು: ಉದ್ದವಾದ ಕಾಯಿಯಲ್ಲಿ ಸಾಮಾನ್ಯವಾಗಿ ಕಾಳು ಹೆಚ್ಚು. ಆದರೆ ಕಾಳುಗಳು ಹೆಚ್ಚಿದಲ್ಲಿ ಒಂದೊಂದರ ಗಾತ್ರವು ತಗ್ಗುವುದೂ ಉಂಟು. ಆದುದರಿಂದ ಈ ಗುಣವನ್ನು ಕಾಳಿನ ತೂಕದೊಡನೆ ಸೇರಿಸಿಯೇ ನೋಡಬೇಕು.

(ಈ) ಕಾಳಿನ ತೂಕ: ಇದು ಎಲ್ಲಕ್ಕಿಂತ ಸುಲಭವಾಗಿ ಪರೀಕ್ಷಿಸಬಹುದಾದ ಗುಣ. ಸಾವಿರ ಕಾಳುಗಳನ್ನು ಎಣಿಸಿ, ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿದರೆ ಸಾಕು. ರಾಯಿ ಸಾಸಿವೆಯಲ್ಲಿ ಇದು ಸಾಮಾನ್ಯವಾಗಿ ೩ ಗ್ರಾಂನಿಂದ ೬ ಗ್ರಾಂವರೆಗೆ ಇರುತ್ತದೆ. ದಪ್ಪ ಕಾಳಿನಿಂದ ಹುಟ್ಟಿದ ಸಸಿಯು ಮೊಳೆಯುವಾಗ ಬಲವಾಗಿರುವುದೂ ಒಂದು ಅನುಕೂಲ.

(ಉ) ಹೂ ಬಿಡುವ ಮತ್ತು ಮಾಗುವ ಕಾಲ: ಹೆಚ್ಚು ದಿನ ನಿಂತ ಪೈರಿಗೆ ಹೆಚ್ಚು ಬೆಳೆಯಲು ಅವಕಾಶವಿದೆಯೆಂಬುದು ನಿಜ. ಆದರೆ ತಡವಾಗಿ ಹೂ ಬಿಟ್ಟ ಪೈರಿಗೆ ಎಳೆಯ ಹೂಗೊಂಚಲನ್ನು ಮುತ್ತಿ ರಸ ಹೀರುವ ಹೇನಿನ ಕಾಟ ಹೆಚ್ಚು. ಉತ್ತರ ಪ್ರಾಂತಗಳಲ್ಲಿ ಕೊನೆಯ ದಿನಗಳ ಬಿಸಿಲಿನ ಝಳದಿಂದ ಕಾಳು ಬಡವಾಗುವುದೂ ಉಂಟು. ಊರಿನ ಮಳೆಗಾಲಕ್ಕೆ ಹೊಂದುವ ಅವಧಿಯ ಗಿಡವೇ ಉತ್ತಮ.

(ಊ) ಎಣ್ಣೆ: ಸಾಸಿವೆಯ ಬೆಲೆಯು ಎಣ್ಣೆಯನ್ನು ಅವಲಂಬಿಸಿದೆ. ಗಿಡದ ಹೊರಗಿನ ರೂಪವನ್ನು ನೋಡಿ ಎಣ್ಣೆಯ ಪ್ರಮಾಣವನ್ನು ಹೇಳಲಾಗದು. ಕಾಯಿ ಹೆಚ್ಚಾಗಿರುವ ಗಿಡದಲ್ಲಿ ಎಣ್ಣೆಯೂ ಹೆಚ್ಚಾಗಿರುವುದೆಂಬ ನಿಯಮವಿಲ್ಲ. ಇದನ್ನು ರಸಾಯನಶಾಲೆಯಲ್ಲಿಯೇ ಪರೀಕ್ಷಿಸಬೇಕು.

೭. ಗುಣವು ಬೀಜದೊಡನೆ ಬರುವುದೇ?

ಆಯ್ಕೆಯ ಮುಖ್ಯವಾದ ಗಂಟು ಇರುವುದು ಇಲ್ಲಿಯೇ. ಗಿಡದ ಒಂದೊಂದು ಗುಣವೂ ಎರಡು ಮೂಲಗಳಿಂದ ಬಂದಿರುತ್ತದೆ. ಒಂದು ಬೀಜ, ಇನ್ನೊಂದು ನೆಲ ಮತ್ತು ಆರೈಕೆ. ಬೀಜದಿಂದ ಬಂದುದು ಮಕ್ಕಳಿಗೆ ಹೋಗುತ್ತದೆ. ನೆಲದಿಂದ ಬಂದುದು ಆ ಗಿಡದೊಡನೆಯೇ ಕೊನೆಗಾಣುತ್ತದೆ.

ಡೆನ್ಮಾರ್ಕ್ ದೇಶದ ವಿಲ್ಹೆಲ್ಮ್ ಜೊಹಾನ್ಸನ್ ಎಂಬ ವಿದ್ವಾಂಸರು ಹುರುಳಿಕಾಯಿಯ ಜಾತಿಯೊಂದರ ಬೀಜಗಳ ಮೇಲೆ ಪರೀಕ್ಷೆ ನಡೆಸಿ ೧೯೦೩ರಲ್ಲಿ ಇದನ್ನು ಪ್ರಕಟಿಸಿದರು. ಬೆರಕೆಯ ಬೀಜದಲ್ಲಿ ದಪ್ಪ ಕಾಳನ್ನು ಆರಿಸಿದಾಗ ಫಲ ದೊರೆಯಿತು. ಆದರೆ ಒಂದೇ ಗಿಡದ ಸಂತತಿಯೊಳಗೆ ದಪ್ಪ ಕಾಳನ್ನು ಆರಿಸಿ ಬಿತ್ತಿದರೂ ಸಣ್ಣ ಕಾಳನ್ನು ಆರಿಸಿ ಬಿತ್ತಿದರೂ ಮುಂದಿನ ಫಸಲಿನ ಕಾಳು ಒಂದೇ ಸಮನಾಗಿತ್ತು. ಒಂದೇ ಸಂತತಿಯಲ್ಲಿ ಕಂಡ ದಪ್ಪ ಸಣ್ಣಗಳು ಸ್ಥಳದ ಗುಣವೇ ಹೊರತು ಬೀಜದ ಗುಣವಾಗಿರಲಿಲ್ಲ.

ಸಾಸಿವೆಯಲ್ಲಿ ಇದನ್ನು ಅನ್ವಯಿಸಿದರೆ ಒಂದು ವಿಚಿತ್ರವು ಕಂಡುಬರುತ್ತದೆ. ಹುಟ್ಟುವಳಿಯೊಡನೆ ಅತ್ಯಂತ ಬಲವಾದ ನಂಟುಳ್ಳ ಗುಣವು ಕಾಯಿಗಳ ಸಂಖ್ಯೆ. ಆದರೆ ನೆಲ, ಗೊಬ್ಬರ, ತೇವ, ಅಂತರಗಳಿಂದ ಹೆಚ್ಚಾಗಿ ಬದಲಾಗುವುದೂ ಅದೇ. ಕಾಳಿನ ತೂಕಕ್ಕೆ ಹುಟ್ಟುವಳಿಯೊಡನೆ ನಂಟು ಅಷ್ಟು ಬಲವಾದುದಲ್ಲ. ಆದರೆ ಅದು ಸಾಮಾನ್ಯವಾಗಿ ತಾಯಿಯಿಂದ ಮಗುವಿಗೆ ಹೆಚ್ಚು ನಿಷ್ಠೆಯಿಂದ ಸಾಗುತ್ತದೆ. ಹೆಚ್ಚು ಮಾತು ಕೊಡುವವನು ನಡೆಸುವುದು ಕಡಿಮೆ. ಕಡಿಮೆ ಮಾತು ಕೊಡುವವನು ನಡೆಸಿಯೇ ತೀರುತ್ತಾನೆ. ಇಬ್ಬರೊಡನೆಯೂ ವ್ಯವಹರಿಸುವಾಗ ಎಚ್ಚರ ಬೇಕಾಗುವಂತೆ, ಎರಡು ಗುಣಗಳನ್ನೂ ಅವುಗಳ ಯೋಗ್ಯತೆಯರಿತು ಬಳಸಬೇಕು. ಕಾಯಿಯನ್ನು ಸಮಾನ ಸ್ಥಿತಿಯ ಗಿಡಗಳ ನಡುವೆ ಮಾತ್ರ ಹೋಲಿಸಬೇಕು. ಕಾಳಿನ ತೂಕವನ್ನು ಎರಡನೆಯ ಜರಡಿಯಾಗಿ ಉಪಯೋಗಿಸಬೇಕು. ಕೊನೆಯ ತೀರ್ಪನ್ನು ಮಕ್ಕಳ ಸಾಲಿನಿಂದ ಪಡೆಯಬೇಕು.

ಹೀಗೆ ಊರಿನ ಬೀಜದಲ್ಲಿಯೇ ಆರಿಸಿದುದರಿಂದ ದೊಡ್ಡ ಫಲ ದೊರೆತ ದೃಷ್ಟಾಂತಗಳಿವೆ. ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, ೧೯೧೮ರಲ್ಲಿ, ಬಳಕೆಗೆ ಬಂದ ಹೆಚ್. ೨೨ ಎಂಬ ರಾಗಿಯು ಇಂತಹ ಆಯ್ಕೆಯ ಫಲ. ಸಾಸಿವೆಯಲ್ಲಿ ವಾರಣಾಸಿಯ ನಾಟಿ ಬೀಜದಿಂದ ಕಾನ್ಪುರದಲ್ಲಿ ಆರಿಸಿದ ವರುಣ ಎಂಬ ತಳಿಯು ೧೯೭೦ರ ದಶಕದಲ್ಲಿ ಹೊರಬಂದು ಉತ್ತರದಲ್ಲೆಲ್ಲಾ ಹರಡಿತು. ಅದನ್ನೇ ಒಂದು ತಾಯಿಯಾಗಿಟ್ಟುಕೊಂಡು ಬೆರಸಿ, ೧೯೮೦ರ ದಶಕದಲ್ಲಿ ದಪ್ಪ ಕಾಳಿನ ಪೂಸಾ ಬೋಲ್ಡ್ ಎಂಬ ತಳಿಯನ್ನು ದೆಹಲಿಯಲ್ಲಿ ಸಾಧಿಸಿದರು.

೮. ಒಂಟಿ ಗಿಡದ ಮೋಸ

ದೊಡ್ಡ ಗಿಡದ ಬೀಜವು ಎಷ್ಟೋ ವೇಳೆ ಏಕೆ ಫಲಿಸುವುದಿಲ್ಲವೆಂಬುದು ಈಗ ತಿಳಿಯುತ್ತದೆ. ಬದುವಿನ ಅಂಚಿನಲ್ಲಿಯೂ, ತಿಪ್ಪೆಯಿದ್ದ ಜಾಗದಲ್ಲಿಯೂ, ಸಾಲು ತಪ್ಪಿ ನೆಲ ಖಾಲಿಯಾದಲ್ಲಿಯೂ, ಅಕ್ಕಡಿಯಲ್ಲಿ ದೂರದೂರ ಬಿದ್ದಲ್ಲಿಯೂ ಸಾಸಿವೆಯು ಬುಡದಿಂದಲೇ ಕವಲೊಡೆದು ಹರಡಿಕೊಳ್ಳುತ್ತದೆ. ಇದು ಸಾಸಿವೆಯ ಹುಟ್ಟುಗುಣ. ನೆರೆಯ ಗಿಡವಿಲ್ಲದಿದ್ದರೆ ಅದರ ಪಾಲನ್ನೂ ತಾನೇ ಉಣ್ಣುತ್ತದೆ.

ಸಾಲಿಂದ ಸಾಲಿಗೆ ೧ ಅಡಿ, ಗಿಡದಿಂದ ಗಿಡಕ್ಕೆ ೬ ಅಂಗುಲ ಇರುವಂತೆ ಬೆಳೆದರೆ ಎಕರೆಗೆ ೮೭,೧೨೦ ಗಿಡಗಳಾಗುತ್ತವೆ. ಗಿಡಕ್ಕೆ ೬ ಗ್ರಾಂ ಬಂದರೂ ಎಕರೆಗೆ ಸುಮಾರು ೫೨೨ ಕಿಲೋಗ್ರಾಂ ಆಯಿತು. ೩ ಅಡಿಗೆ ೨ ಅಡಿಯಂತೆ ಬಿಟ್ಟರೆ ೭,೨೬೦ ಗಿಡಗಳು. ಇಲ್ಲಿ ಗಿಡಕ್ಕೆ ೪೦ ಗ್ರಾಂ ಬಂದರೂ ಎಕರೆಗೆ ಸುಮಾರು ೨೯೦ ಕಿಲೋಗ್ರಾಂ ಮಾತ್ರ. ಎರಡನೆಯ ಹೊಲದ ಗಿಡವು ಮೊದಲನೆಯದರ ಆರೂವರೆಯಷ್ಟಕ್ಕಿಂತ ಹೆಚ್ಚು ಕೊಟ್ಟರೂ ಹೊಲವು ನಷ್ಟದಲ್ಲಿಯೇ ಇದೆ. ರೈತನಿಗೆ ಬೇಕಾದುದು ಹೊಲದ ಹುಟ್ಟುವಳಿ.

ಆದುದರಿಂದ ಬೀಜವನ್ನು ಯಾವ ಬಗೆಯ ಬೇಸಾಯಕ್ಕೆ ಉಪಯೋಗಿಸಬೇಕೋ ಆ ಬಗೆಯ ಬೇಸಾಯದಲ್ಲಿಯೇ ಗಿಡವನ್ನು ಆರಿಸತಕ್ಕದ್ದು. ಸಾಸಿವೆಯೊಂದನ್ನೇ ಬೆಳೆಯುವುದಾದರೆ ಸಾಲಿನ ನಡುವೆ, ನಾಲ್ಕು ಕಡೆಯೂ ನೆರೆಯ ಗಿಡಗಳಿದ್ದು, ಅವುಗಳ ಪೈಪೋಟಿಯಲ್ಲಿಯೂ ಗೆದ್ದು ನಿಂತ ಗಿಡವನ್ನು ಆರಿಸಬೇಕು. ಅಕ್ಕಡಿಗೆ ಬೇಕಾದರೆ ಅಕ್ಕಡಿಯ ಗಿಡಗಳನ್ನೇ ತಮ್ಮತಮ್ಮಲ್ಲಿ ಹೋಲಿಸಬೇಕು. ಅಲ್ಲಿ ರಾಗಿಗೆ ನೆರಳಾಗುವಂತೆ ಹರಡುವ ಗಿಡಕ್ಕಿಂತ ನೆಟ್ಟಗೆ ನಿಂತು ಬೇಗ ಮಾಗುವ ಗಿಡವು ಮೇಲು.

೯. ಆರಿಸುವ ಕ್ರಮ

(೧) ಹೊಲದಲ್ಲಿ ನೆಲವು ಸಮನಾಗಿರುವ ಭಾಗವನ್ನು ಗೊತ್ತುಮಾಡಿ, ಬದುವಿನ ಪಕ್ಕದ ಸಾಲುಗಳನ್ನು ಬಿಟ್ಟುಬಿಡಬೇಕು. ಆ ಭಾಗವನ್ನು ಗೂಟ ನೆಟ್ಟು ಹತ್ತು ಸಮನಾದ ಪಟ್ಟೆಗಳಾಗಿ ಮಾಡಬೇಕು.

(೨) ಹೂ ಬಿಡುವ ಕಾಲದಲ್ಲಿ ನಡೆದು ನೋಡಿ, ರೋಗವಿಲ್ಲದ, ಹೇನು ಹತ್ತದ, ಕಾಲಕ್ಕೆ ಸರಿಯಾಗಿ ಹೂ ಬಿಟ್ಟ ಗಿಡಗಳಿಗೆ ದಾರ ಕಟ್ಟಬೇಕು. ಬಿಳಿ ತುಕ್ಕು ಕಂಡ ಗಿಡವನ್ನು ಎಷ್ಟೇ ದೊಡ್ಡದಾಗಿದ್ದರೂ ಸೇರಿಸಕೂಡದು.

(೩) ಸಾಧ್ಯವಾದರೆ ದಾರ ಕಟ್ಟಿದ ಗಿಡದ ಎರಡು ಮೂರು ಕವಲುಗಳಿಗೆ ಮೊಗ್ಗು ಅರಳುವ ಮೊದಲೇ ತೆಳುವಾದ ಮಲ್‌ಬಟ್ಟೆಯ ಚೀಲವನ್ನು ಕಟ್ಟಬೇಕು. ಇದರಿಂದ ಜೇನುಹುಳುಗಳು ಬೇರೆ ಪರಾಗವನ್ನು ತಾರವು. ಮುಂದಿನ ವರ್ಷದ ಪರೀಕ್ಷೆಗೆ ಈ ಕವಲುಗಳ ಬೀಜವೇ ಉತ್ತಮ.

(೪) ಕಾಯಿಗಳು ಹಳದಿಯಾಗುತ್ತಾ ಬಂದಾಗ ಒಂದೊಂದು ಪಟ್ಟೆಯಲ್ಲಿಯೂ ದಾರ ಕಟ್ಟಿದ ಗಿಡಗಳನ್ನು ಆ ಪಟ್ಟೆಯ ನೆರೆಯ ಗಿಡಗಳೊಡನೆ ಮಾತ್ರ ಹೋಲಿಸಿ, ತುಂಬಿದ ಕಾಯಿಗಳು ಹೆಚ್ಚಾಗಿರುವ ನಾಲ್ಕೈದನ್ನು ತೆಗೆದುಕೊಳ್ಳಬೇಕು. ಸಾರವಾದ ಪಟ್ಟೆಯಿಂದ ಹೆಚ್ಚಾಗಿಯೂ ಬಡ ಪಟ್ಟೆಯಿಂದ ಕಡಿಮೆಯಾಗಿಯೂ ತೆಗೆಯಕೂಡದು. ಹಾಗೆ ಮಾಡಿದರೆ ಆರಿಸಿದುದು ಗಿಡವನ್ನಲ್ಲ, ಗೊಬ್ಬರವನ್ನು.

(೫) ಬೆಳಗಿನ ಇಬ್ಬನಿ ಆರುವ ಮೊದಲೇ ಗಿಡಗಳನ್ನು ಕೊಯ್ಯಬೇಕು. ಬಿಸಿಲೇರಿದ ಮೇಲೆ ಕಾಯಿ ಸಿಡಿದು ಕಾಳು ಉದುರುತ್ತದೆ. ಗಿಡಗಳನ್ನು ಬೇರೆಬೇರೆಯಾಗಿ ಕಟ್ಟಿ, ಕಾಯಿ ಎಣಿಸಿ, ನಡುಕಾಂಡದ ಹತ್ತು ಕಾಯಿಗಳನ್ನು ಒಡೆದು ಕಾಳುಗಳನ್ನು ಎಣಿಸಿ, ಸಾವಿರ ಕಾಳಿನ ತೂಕ ಮತ್ತು ಗಿಡದ ಒಟ್ಟು ತೂಕಗಳನ್ನು ಬರೆದಿಡಬೇಕು. ಕಾಳು ಬಡವಾಗಿರುವುವನ್ನು ಬಿಟ್ಟು ಇಪ್ಪತ್ತು ಗಿಡಗಳನ್ನು ಉಳಿಸಿಕೊಳ್ಳಬೇಕು.

(೬) ಮುಂದಿನ ವರ್ಷ ಒಂದೊಂದು ಗಿಡದ ಬೀಜವನ್ನು ಒಂದೊಂದು ಸಾಲಾಗಿ, ಒಂದೇ ದಿನ, ಒಂದೇ ಅಂತರದಲ್ಲಿ ಬಿತ್ತಬೇಕು. ಐದು ಸಾಲಿಗೊಂದರಂತೆ ಹಳೆಯ ಬೀಜದ ಸಾಲನ್ನು ಹೋಲಿಕೆಗಾಗಿ ಇಡಬೇಕು. ಸಾಧ್ಯವಿದ್ದರೆ ಹೊಲದ ಇನ್ನೊಂದು ಕಡೆಯಲ್ಲಿಯೂ ಇದನ್ನು ಪುನಃ ಮಾಡಬೇಕು. ಎರಡು ಕಡೆಯಲ್ಲಿಯೂ ಹಳೆಯ ಬೀಜವನ್ನು ಮೀರಿದ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳಬೇಕು.

ಸಂಕರ ತಳಿಯ ಬೀಜವನ್ನು ಅಂಗಡಿಯಿಂದ ತಂದು ಬೆಳೆದವರು ಆ ಫಸಲಿನಿಂದ ಬಿತ್ತನೆಗೆ ಆರಿಸತಕ್ಕದ್ದಲ್ಲ. ಮುಂದಿನ ತಲೆಯಲ್ಲಿ ಅದರ ಗುಣಗಳು ಒಡೆದುಹೋಗುತ್ತವೆ.

೧೦. ಗ್ರಾಮ ಮುಖ್ಯಸ್ಥರು ಮಾಡಬಹುದಾದ ಸಹಾಯ

ಒಬ್ಬನೇ ರೈತನು ಒಂದೇ ಹೊಲದಲ್ಲಿ ನೋಡಿದ ಪರೀಕ್ಷೆಗಿಂತ ಊರಿನ ಮೂರು ನಾಲ್ಕು ಹಿಡುವಳಿಗಳಲ್ಲಿ ನೋಡಿದುದು ಹೆಚ್ಚು ನಂಬಿಕೆಗೆ ಅರ್ಹವಾದುದು. ಕೆಂಪು ನೆಲದಲ್ಲಿ ಗೆದ್ದ ಸಾಲು ಎರೆಯಲ್ಲಿ ಸೋಲಬಹುದು. ಗ್ರಾಮದ ಮುಖ್ಯಸ್ಥರು ಇಂತಹ ಹಿಡುವಳಿದಾರರನ್ನು ಒಟ್ಟುಗೂಡಿಸಿ, ಒಂದೇ ಪುಸ್ತಕದಲ್ಲಿ ಸಾಲುಗಳ ತೂಕವನ್ನು ಬರೆಯಿಸಿ, ಒಕ್ಕಣೆಯಲ್ಲಿ ಬೆರೆಯದಂತೆ ನೋಡಿಕೊಂಡರೆ ಎರಡು ಮೂರು ವರ್ಷಗಳಲ್ಲಿ ಊರಿಗೆ ತನ್ನದೇ ಆದ ಒಳ್ಳೆಯ ಬೀಜವು ದೊರೆಯುತ್ತದೆ. ಗೆದ್ದ ಸಾಲಿನ ಬೀಜವನ್ನು ಬಡ ರೈತರಿಗೂ ಬದಲಿಗೆ ಬೀಜ ಪಡೆದು ಕೊಡುವ ಏರ್ಪಾಡನ್ನು ಮಾಡುವುದು ಯುಕ್ತ. ನೆರೆಯ ಹೊಲದಲ್ಲಿ ಕೀಳು ಬೀಜವಿದ್ದರೆ ಜೇನುಹುಳುಗಳ ಮೂಲಕ ಅದರ ಪರಾಗವು ಒಳ್ಳೆಯ ಹೊಲಕ್ಕೂ ಬರುವುದರಿಂದ, ಹೀಗೆ ಹಂಚುವುದರಲ್ಲಿ ಕೊಟ್ಟವನಿಗೂ ಲಾಭವುಂಟು.

೧೧. ಸಾರಾಂಶ

ಹುಟ್ಟುವಳಿಯು ಒಂದು ಗುಣದಿಂದ ಆಗುವುದಲ್ಲ. ಕಾಯಿಗಳ ಸಂಖ್ಯೆಯು ಅದರ ಮುಖ್ಯ ಗುರುತು. ಆದರೆ ಆ ಗುರುತು ನೆಲದ ಸಾರದಿಂದ ಸುಲಭವಾಗಿ ಕೆಡುತ್ತದೆ. ಕವಲುಗಳು ಕಾಯಿಯ ಮೂಲಕ ಉಪಯೋಗಕ್ಕೆ ಬರುತ್ತವೆ, ಎತ್ತರವನ್ನು ನಂಬಕೂಡದು. ಕಾಳಿನ ತೂಕವು ನಂಬಿಕೆಯ ಗುಣ. ಆದರೆ ಅದೊಂದೇ ಸಾಲದು. ಸಮಾನರ ನಡುವೆ ಹೋಲಿಸಿ ಆರಿಸಬೇಕು, ಎಣಿಸಿ ತೂಗಿ ಬರೆದಿಡಬೇಕು, ಗಿಡಗಳ ಬೀಜವನ್ನು ಬೇರೆಬೇರೆಯಾಗಿ ಬಿತ್ತಿ ನೋಡಬೇಕು. ಇದಕ್ಕೆ ಬೇಕಾದುದು ಗೂಟ, ದಾರ, ತಕ್ಕಡಿ, ಒಂದು ಪುಸ್ತಕ ಮತ್ತು ಕೆಲವು ದಿನಗಳ ತಾಳ್ಮೆ. ಇವು ಯಾವ ರೈತನಿಗೂ ನಿಲುಕದವುಗಳಲ್ಲ.